ಹಂಪ್ ಮುಂದೆ ಮೂತಿ ಎತ್ತುವ ಕಾರು

ಲ್ಯಾಂಬೋರ್ಗಿನಿ ರೆವುಯೆಲ್ಟೋ ಅಂತ ಒಂದು ಕಾರಿದೆ. ನಿಂತಲ್ಲಿಂದ ನೂರು ಕಿ.ಮೀ. ವೇಗ ಮುಟ್ಟಲು ಅದಕ್ಕೆ 2.5 ಸೆಕೆಂಡ್ ಸಾಕು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾನೂನು ಒಪ್ಪುವ ವೇಗವೂ ನೂರೇ. ಅಂದರೆ 2023ರಲ್ಲಿ ಇಲ್ಲಿಗೆ ಬಂದಾಗಿನ ಬೆಲೆ 8.89 ಕೋಟಿ ಕೊಟ್ಟವರಿಗೆ ಕೇಸು ಬೀಳದೆ ಸಿಗುವ ಮಜಾ ಒಟ್ಟು ಎರಡೂವರೆ ಸೆಕೆಂಡ್. ಅಲ್ಲಿಂದ ಮೈಸೂರು ತನಕ ಪಕ್ಕದ ಇನೋವಾ ಜೊತೆ ಸಮಸಮ ಹೋಗುತ್ತಾ, ಅದರ ಕಿಟಕಿಯಿಂದ ಇಣುಕುವ ಮಕ್ಕಳಿಗೆ ಟಾಟಾ ಮಾಡುತ್ತಾ ಕೂತಿರಬೇಕು. ಸೆಕೆಂಡಿಗೆ ಮೂರೂವರೆ ಕೋಟಿ ಬಿತ್ತು. ಅದೂ ಎಕ್ಸ್ ಶೋರೂಮ್ ರೇಟಿನಲ್ಲಿ.

ಇದು ಹೆದ್ದಾರಿ ಕಥೆ. ಊರೊಳಗಿನ ಲೆಕ್ಕ ಇನ್ನೂ ಚೆಂದ. ಯಾವ ಊರಲ್ಲಿ ಎಷ್ಟು ಟ್ರಾಫಿಕ್ ಅಂತ ಟಾಮ್‌ಟಾಮ್ ಕಂಪನಿ ಪ್ರತಿ ವರ್ಷ ಪಟ್ಟಿ ಬಿಡುತ್ತದೆ. 2024ರ ಪಟ್ಟಿ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ದಾಟಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಗಂಟೆಗೆ ಹದಿನೇಳೂವರೆ ಕಿ.ಮೀ. ಆಯ್ತು. ಕಾರಿನ ಗರಿಷ್ಠ ವೇಗ 350ಕ್ಕೂ ಜಾಸ್ತಿ ಅಂತ ಕಂಪನಿ ಹೇಳುತ್ತದೆ. ಉಳಿದ ಮುನ್ನೂರ ಮೂವತ್ತು ಚಿಲ್ಲರೆ? ಸಿಲ್ಕ್ ಬೋರ್ಡ್ ಜಂಕ್ಷನ್ ನುಂಗಿ ನೀರು ಕುಡಿದಿದೆ.

ಆದರೂ ಕೊಳ್ಳುವವರು ಕಮ್ಮಿಯಾಗಿಲ್ಲ. 2023ರಲ್ಲಿ ಭಾರತದಲ್ಲಿ 103 ಲ್ಯಾಂಬೋರ್ಗಿನಿ ಮಾರಾಟವಾದವು. ನಮ್ಮ ದೇಶದಲ್ಲಿ ಆ ಕಂಪನಿ ನೂರು ದಾಟಿದ್ದು ಅದೇ ಮೊದಲು. ರಸ್ತೆಯಲ್ಲಿ ದಾಟೋಕೆ ಆಗದಿದ್ದರೂ ಶೋರೂಮಲ್ಲಿ ದಾಟಿತಲ್ಲ, ಸಂತೋಷ.

ರೆವುಯೆಲ್ಟೋದಲ್ಲಿ 12 ಸಿಲಿಂಡರಿನ, ಆರೂವರೆ ಲೀಟರಿನ ಎಂಜಿನ್ ಇದೆ. ಜೊತೆಗೆ ಮೂರು ಎಲೆಕ್ಟ್ರಿಕ್ ಮೋಟರ್. ಎಲ್ಲ ಸೇರಿ ಸಾವಿರದ ಹದಿನೈದು ಕುದುರೆ ಬಲ. ಊರೊಳಗೆ ಓಡಿಸಲಿಕ್ಕೆ ಅಂತಲೇ ಬೇರೆ ಮೋಡ್ ಕೊಟ್ಟಿದ್ದಾರೆ, ಅದನ್ನು ಒತ್ತಿದರೆ ಬರೀ ಬ್ಯಾಟರಿಯಲ್ಲಿ ಸುಮಾರು 10 ಕಿ.ಮೀ. ಹೋಗಬಹುದು. ಹೆಬ್ಬಾಳದಿಂದ ಎಂ.ಜಿ. ರೋಡ್ ತನಕ ಅಂತಿಟ್ಟುಕೊಳ್ಳಿ. ಅಷ್ಟೂ ಹೊತ್ತು ಆ ಮಹಾ ಎಂಜಿನ್ ಮಲಗಿರುತ್ತದೆ, ಕಾರು ಬೆಕ್ಕಿನ ಹಾಗೆ ಸದ್ದಿಲ್ಲದೆ ಸಾಗುತ್ತದೆ. ಇದಕ್ಕಿಂತ ಅವಮಾನ ಉಂಟಾ? ಯಾರೂ ತಿರುಗಿ ನೋಡಬಾರದು ಅಂತಿದ್ದರೆ ಮೆಟ್ರೋದಲ್ಲೇ ಹೋಗುತ್ತಿರಲಿಲ್ಲವೇ!

ಹಾಗಾಗಿ ನಮ್ಮೂರಲ್ಲಿ ಆ ಮೋಡ್ ಒತ್ತುವವರು ಯಾರೂ ಇದ್ದ ಹಾಗಿಲ್ಲ. ಸಿಗ್ನಲ್ಲಿನಲ್ಲಿ ಕಾರು ನಿಂತ ಕೂಡಲೇ ನಾಲ್ಕು ಹುಡುಗರು ಮೊಬೈಲ್ ಹಿಡಿದು ಓಡಿ ಬರುತ್ತಾರೆ. "ಅಣ್ಣಾ, ಒಂದೇ ಒಂದ್ಸಲ ರೈಸ್ ಮಾಡಿ ಅಣ್ಣಾ!" ಅಣ್ಣ ಮೊದಲು ಬೇಡ ಅನ್ನುವ ಹಾಗೆ ಮುಖ ಮಾಡುತ್ತಾನೆ. ಆಮೇಲೆ ಮಾಡೇ ಮಾಡುತ್ತಾನೆ. ಕಾರು ಒಂದಿಂಚು ಅಲ್ಲಾಡುವುದಿಲ್ಲ, ಸದ್ದು ಮಾತ್ರ ಮುಂದಿನ ಎರಡು ಸಿಗ್ನಲ್ ದಾಟಿ ಹೋಗಿರುತ್ತದೆ. ಈ ಕಾರಿನಲ್ಲಿ ನಿಜಕ್ಕೂ ವೇಗವಾಗಿ ಓಡುವ ಭಾಗ ಅದೊಂದೇ.

ಕಾರು ರಿವ್ಯೂ ಮಾಡುವವರ ಮೇಲೂ ನನಗೆ ಸಿಟ್ಟಿದೆ. ಅವರನ್ನು ಸ್ಪೇನೋ ಇಟಲಿಯೋ ಅಂತ ಕರೆದುಕೊಂಡು ಹೋಗಿ ರೇಸ್ ಟ್ರ್ಯಾಕಿನಲ್ಲಿ ಬಿಡುತ್ತಾರೆ. ಅವರು ಬಂದು ತಿರುವಿನಲ್ಲಿ ಹಿಡಿತ ಹೇಗಿತ್ತು, ಬ್ರೇಕ್ ಹೇಗೆ ಕಚ್ಚಿತು ಅಂತ ವರ್ಣನೆ ಮಾಡುತ್ತಾರೆ. ಸ್ವಾಮಿ, ಶುಕ್ರವಾರ ಸಂಜೆ ಆರೂವರೆಗೆ ಮಳೆ ಬಂದು ನಿಂತ ಮೇಲೆ ಮಾರತ್ತಹಳ್ಳಿ ಸೇತುವೆ ಕೆಳಗೆ ಓಡಿಸಿ ನೋಡಿ, ಆಮೇಲೆ ಸ್ಟಾರ್ ಕೊಡಿ. ಬ್ರೇಕ್ ಕಚ್ಚುವುದು ಬಿಡಿ, ಹಿಂದಿನ ಟೆಂಪೋ ಟ್ರಾವೆಲರ್ ಕಚ್ಚುತ್ತದೋ ಇಲ್ಲವೋ ಅದನ್ನು ಹೇಳಿ.

ಇನ್ನು ಡಿಸೈನ್. ಈ ಕಾರುಗಳ ಚೆಂದವೆಲ್ಲ ಇರುವುದು ನೆಲಕ್ಕೆ ಅಂಟಿಕೊಂಡ ಹಾಗೆ ಕೂತಿರುವುದರಲ್ಲಿ. ನಮ್ಮ ರಸ್ತೆಯ ಚೆಂದ ಇರುವುದು ಅದು ನೆಲಕ್ಕೆ ಅಂಟಿಕೊಳ್ಳದೇ ಇರುವುದರಲ್ಲಿ. ರಸ್ತೆ ಹೇಗಿರಬೇಕು ಅಂತ ಅಳತೆ ಹೇಳುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ನಿಯಮದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಮೆಲ್ಲಗೆ ಹೋಗುವವರಿಗೆ ಹತ್ತಿ ಇಳಿದದ್ದು ಗೊತ್ತಾಗಬಾರದು, ಅಷ್ಟು ನಿಧಾನಕ್ಕೆ ಏರಬೇಕು. ನಮ್ಮ ಬಡಾವಣೆಯ ಹಂಪುಗಳು ಆ ಪುಸ್ತಕ ಓದಿಲ್ಲ. ಒಂದು ಆಕ್ಸಿಡೆಂಟ್ ಆದರೆ ಸಾಕು, ಮಾರನೇ ದಿನ ಯಾರೋ ಪುಣ್ಯಾತ್ಮರು ಮನೆ ಕಟ್ಟಿ ಮಿಕ್ಕ ಜಲ್ಲಿ ಸಿಮೆಂಟು ಸುರಿದು ರಾತ್ರೋರಾತ್ರಿ ಒಂದು ಗೋಡೆ ಎಬ್ಬಿಸಿರುತ್ತಾರೆ. ಅಡ್ಡ ಮಲಗಿಸಿದ ಗೋಡೆ ಅಷ್ಟೇ.

ಇದಕ್ಕೂ ಕಂಪನಿಗಳು ಉಪಾಯ ಹುಡುಕಿವೆ. ಬಟನ್ ಒತ್ತಿದರೆ ಕಾರು ಮೂತಿ ಎತ್ತುತ್ತದೆ. ಪೋರ್ಷೆ 911ರಲ್ಲಂತೂ ನೀವು ಎಲ್ಲಿ ಮೂತಿ ಎತ್ತಿಸಿದಿರಿ ಅನ್ನೋದನ್ನು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡು, ಮುಂದಿನ ಸಲ ಆ ಜಾಗ ಬಂದಾಗ ತಾನಾಗಿಯೇ ಎತ್ತುವ ವ್ಯವಸ್ಥೆ ಇದೆ. ಜರ್ಮನಿಯ ಎಂಜಿನಿಯರುಗಳ ಬುದ್ಧಿಗೆ ಕೈ ಮುಗಿಯಬೇಕು. ಪಾಪ, ಅಲ್ಲಿ ಹಂಪ್ ಇದ್ದ ಕಡೆಯೇ ಇರುತ್ತದೆ. ಇಲ್ಲಿ ನಿನ್ನೆ ಇದ್ದ ಹಂಪ್ ಇವತ್ತು ಕೇಬಲ್ಲಿಗೆ ಅಗೆದ ಹಳ್ಳ, ನಾಳೆ ಅದರ ಮೇಲೆ ಮಣ್ಣಿನ ಗುಡ್ಡೆ, ನಾಡಿದ್ದು ಡಾಂಬರು, ಮುಂದಿನ ವಾರ ನೀರಿನ ಪೈಪಿಗೆ ಮತ್ತೆ ಹಳ್ಳ. ಆ ಜಿಪಿಎಸ್‌ಗೆ ಹುಚ್ಚು ಹಿಡಿಯದಿದ್ದರೆ ಕೇಳಿ.

ಇಂದಿರಾನಗರದ ಒಂದು ಅಡ್ಡರಸ್ತೆಯಲ್ಲಿ ಈ ಮೂತಿ ಎತ್ತುವ ಸಂಭ್ರಮ ಹತ್ತಿರದಿಂದ ನೋಡಿದ್ದೇನೆ. ಹಳದಿ ಕಾರು ಹಂಪ್ ಮುಂದೆ ನಿಂತಿತು. ಮುಂದಿನ ಭಾಗ ಸಣ್ಣಗೆ ಗುಂಯ್ ಅನ್ನುತ್ತಾ ಮೇಲೆದ್ದಿತು. ಸಾಲಲಿಲ್ಲ. ಮಾಲೀಕರು ಸ್ಟೇರಿಂಗ್ ಪೂರ್ತಿ ತಿರುಗಿಸಿ ಅಡ್ಡಡ್ಡವಾಗಿ ಹತ್ತಿಸಲು ನೋಡಿದರು. ರಸ್ತೆ ಬಂದ್. ಎದುರಿನಿಂದ ಗ್ಯಾಸ್ ಸಿಲಿಂಡರ್ ಹೇರಿಕೊಂಡು ಬಂದ ಟಿವಿಎಸ್ ಎಕ್ಸ್‌ಎಲ್‌ನವನು ಸ್ಟ್ಯಾಂಡ್ ಹಾಕಿ ಇಳಿದು, ಲಾರಿ ರಿವರ್ಸ್ ತೆಗೆಸುವ ಹಾಗೆ ಕೈ ಬೀಸಿದ. "ಬರ್ಲಿ, ಬರ್ಲಿ, ಎಡಕ್ ಹೊಡೀರಿ ಸಾರ್... ಹೋಲ್ಡಾನ್!" ಹಿಂದಿನ ಆಟೋದವರು ತಲೆ ಹೊರಗೆ ಹಾಕಿ, "ಏನ್ ಗುರು, ಎಲ್ಲಾರೂ ಸೇರಿ ಎತ್ತಿ ಇಟ್ಬಿಡೋಣ್ವಾ?" ಅಂದರು. ಕೊನೆಗೆ ಕೆಳಗಿನಿಂದ ಕರ್ರ್ ಅಂತ ಒಂದು ಸದ್ದು ಬಂತು. ಸ್ಟೇರಿಂಗ್ ಹಿಡಿದವರು ಕಣ್ಣು ಮುಚ್ಚಿಕೊಂಡರು. ಎಕ್ಸ್‌ಎಲ್‌ನವನು ಅದೇ ಹಂಪ್ ಹಾರಿಸಿಕೊಂಡು, ಸಿಲಿಂಡರ್ ಗಡಗಡ ಅನ್ನಿಸುತ್ತಾ ಹೊರಟುಹೋದ.

ರಸ್ತೆ ಸರಿ ಇಲ್ಲ ಅಂತ ಇವರು ಗೋಳಾಡುತ್ತಾರೆ. ಸರಿ, ನ್ಯಾಯವಾದ ಗೋಳು. ನಾವೂ ಗೋಳಾಡುತ್ತೇವೆ. ಆದರೆ ಟ್ಯಾಕ್ಸ್ ಮಾತು ಬಂದಾಗ ಕಾರಿನ ನಂಬರ್ ಪ್ಲೇಟ್ ನೋಡಿ. ಪಿವೈ ಅಂತಿರುತ್ತದೆ, ಪುದುಚೇರಿ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆ ಶೇ. 18, ಅದರ ಮೇಲೆ ಸೆಸ್. ಕೋಟಿಗಟ್ಟಲೆ ಕಾರಿಗೆ ಅದೇ ಕೋಟಿ ಮುಟ್ಟುತ್ತದೆ. ಅದಕ್ಕೆ ಕಾರು ಕಾಗದದ ಮೇಲೆ ಸಮುದ್ರ ತೀರದಲ್ಲಿ ವಾಸ, ನಿಜದಲ್ಲಿ ಸದಾಶಿವನಗರದ ಸೆಲ್ಲಾರಿನಲ್ಲಿ ನಿದ್ದೆ. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಅಂದರೆ ಇದೇ. ಹೊರರಾಜ್ಯದ ಗಾಡಿಯನ್ನು ವರ್ಷಕ್ಕಿಂತ ಜಾಸ್ತಿ ಇಲ್ಲೇ ಇಟ್ಟುಕೊಂಡರೆ ಇಲ್ಲಿ ರಿಜಿಸ್ಟರ್ ಮಾಡಿಸಬೇಕು ಅಂತ ಕಾನೂನಿದೆ. ಅದನ್ನು ನೆನಪಿಸಲು ಆರ್‌ಟಿಒದವರು 2025ರ ಫೆಬ್ರವರಿಯಲ್ಲಿ ಒಂದೇ ದಿನ 30 ಐಷಾರಾಮಿ ಕಾರು ಹಿಡಿದರು. ಫೆರಾರಿ, ಪೋರ್ಷೆ, ಆಸ್ಟನ್ ಮಾರ್ಟಿನ್ ಎಲ್ಲ ಇದ್ದವು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರದ ನಂಬರಿನ ಒಂದು ಕೆಂಪು ಫೆರಾರಿ ಎಸ್‌ಎಫ್90ಗೆ ನೋಟಿಸ್ ಅಂಟಿಸಿ 1.41 ಕೋಟಿ ಕಟ್ಟಿಸಿಕೊಂಡರು. ಗಂಟೆಗೆ 340 ಕಿ.ಮೀ. ಓಡುವ ಕಾರನ್ನು ನಮ್ಮ ಆರ್‌ಟಿಒ ಜೀಪು ಹಿಡಿದುಬಿಟ್ಟಿತು! ಬೆಂಗಳೂರು ಟ್ರಾಫಿಕ್ಕಿನಿಂದ ಆದ ಒಂದೇ ಉಪಯೋಗ ಇದು ಅನ್ನಿಸುತ್ತದೆ.

ಭಾನುವಾರ ಬೆಳಗಿನ ಜಾವ ಮಾತ್ರ ಇವರಿಗೆ ಬಿಡುಗಡೆ. ಐದು ಗಂಟೆಗೆ ಎದ್ದು ಗುಂಪಾಗಿ ಏರ್‌ಪೋರ್ಟ್ ರೋಡ್ ಹಿಡಿದು ನಂದಿಬೆಟ್ಟದ ಕಡೆ ಹೋಗುತ್ತಾರೆ. ಅಲ್ಲಿ ಇಡ್ಲಿ ವಡೆ ತಿಂದು, ಫೋಟೋ ತೆಗೆಸಿಕೊಂಡು, ಬಿಸಿಲೇರುವ ಮೊದಲು ವಾಪಸ್. ಪಕ್ಕದ ಟೇಬಲ್ಲಿನಲ್ಲಿ ಸ್ಪ್ಲೆಂಡರ್‌ನಲ್ಲಿ ಬಂದವರೂ ಅದೇ ಇಡ್ಲಿ ತಿನ್ನುತ್ತಿರುತ್ತಾರೆ. ಅವರಿಗೆ ಎರಡನೇ ಸಲ ಸಾಂಬಾರ್ ಕೇಳಲು ಪುರುಸೊತ್ತಿರುತ್ತದೆ. ಇವರಿಗಿಲ್ಲ. ಹೊರಗೆ ಯಾರೋ ಬಾನೆಟ್ಟಿಗೆ ಒರಗಿ ಸೆಲ್ಫಿ ತಗೊಳ್ಳುತ್ತಿದ್ದಾರಾ ಅಂತ ನೋಡುತ್ತಲೇ ಇರಬೇಕು.

ಇದಕ್ಕೆಲ್ಲ ಪರಿಹಾರ ಲ್ಯಾಂಬೋರ್ಗಿನಿ ಕಂಪನಿಯ ಹಳೇ ಕಥೆಯಲ್ಲೇ ಇದೆ. ಅದನ್ನು ಕಟ್ಟಿದ ಫೆರುಚಿಯೋ ಲ್ಯಾಂಬೋರ್ಗಿನಿ ಮೊದಲು ತಯಾರಿಸುತ್ತಿದ್ದದ್ದು ಟ್ರ್ಯಾಕ್ಟರ್. ತನ್ನ ಫೆರಾರಿಯ ಕ್ಲಚ್ ವಿಷಯದಲ್ಲಿ ಎಂಜೋ ಫೆರಾರಿ ಜೊತೆ ಜಗಳವಾಗಿ, ಹಟಕ್ಕೆ ಬಿದ್ದು 1963ರಲ್ಲಿ ಕಾರಿಗೆ ಕೈ ಹಾಕಿದ ಅನ್ನುತ್ತಾರೆ. ಆ ಜಗಳ ಒಂದು ಆಗದೇ ಇದ್ದಿದ್ದರೆ ಬೆಂಗಳೂರಿಗೆ ಎಷ್ಟು ಅನುಕೂಲ ಆಗುತ್ತಿತ್ತು! 2022ರ ಸೆಪ್ಟೆಂಬರ್ ನೆನಪಿದೆಯಲ್ಲ? ಯಮಲೂರಿನ ಕೋಟಿ ಕೋಟಿ ಬೆಲೆಯ ವಿಲ್ಲಾಗಳ ಮುಂದೆ ಬೆಂಟ್ಲಿ, ಲೆಕ್ಸಸ್ ಕಾರುಗಳು ಕಿಟಕಿ ತನಕ ಮುಳುಗಿ ನಿಂತಿದ್ದವು. ಜನ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ನಿಂತು ಹೊರಗೆ ಬಂದರು. ಸಾಫ್ಟ್‌ವೇರಿನವರು ಲ್ಯಾಪ್‌ಟಾಪ್ ಬ್ಯಾಗ್ ಎದೆಗವಚಿಕೊಂಡು 50 ರೂಪಾಯಿ ಕೊಟ್ಟು ಟ್ರ್ಯಾಕ್ಟರಿನಲ್ಲೇ ಆಫೀಸಿಗೆ ಹೋದರು. ಗ್ರೌಂಡ್ ಕ್ಲಿಯರೆನ್ಸ್ ಅದ್ಭುತ. ಮೂತಿ ಹುಟ್ಟುತ್ತಲೇ ಎತ್ತಿಕೊಂಡಿದೆ. ಸದ್ದೂ ಕಮ್ಮಿ ಏನಿಲ್ಲ, ರೈಸ್ ಮಾಡಿ ಅಂತ ಯಾರೂ ಕೇಳಬೇಕಾಗಿಲ್ಲ.

ಆದ್ದರಿಂದ ಕಂಪನಿಯವರಲ್ಲಿ ಒಂದು ಮನವಿ. ಬೆಂಗಳೂರಿನ ಶೋರೂಮಿನಲ್ಲಿ ಒಂದು ಟ್ರ್ಯಾಕ್ಟರ್ ತಂದು ನಿಲ್ಲಿಸಿ. ಹಳದಿ ಬಣ್ಣ ಹೊಡೆಯಿರಿ, ಬಾಗಿಲು ಮೇಲಕ್ಕೆ ತೆರೆಯುವ ಹಾಗೆ ಮಾಡಿ, ಟ್ರೇಲರಿಗೆ ಬೇಕಾದರೆ ಎಕ್ಸ್‌ಟ್ರಾ ತಗೊಳ್ಳಿ. ಪಿವೈ ನಂಬರ್ ಕೊಂಡವರೇ ಹಾಕಿಸಿಕೊಳ್ಳುತ್ತಾರೆ.