ಉಗುರಿನಷ್ಟು ಅಮ್ಮ

ಜೋಗಕ್ಕೆ ಹೋಗಿಬಂದವರ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಮುಕ್ಕಾಲು ಪಾಲು ಮುಖವೇ. ರಾಜಾ ಯಾರದೋ ಕಿವಿಯೊಳಗೆ ಧುಮುಕುತ್ತಿರುತ್ತಾನೆ. ರಾಣಿ ಹೆಗಲ ಮೇಲೆ ಒಣಹಾಕಿದ ಟವೆಲ್ಲು. ರೋರರ್, ರಾಕೆಟ್ ಎರಡೂ ತಲೆಯ ಹಿಂದೆ ನಾಪತ್ತೆ. 253 ಮೀಟರ್ ಬೀಳುವ ಶರಾವತಿಗೆ ಇಂಥ ಗತಿ ಬರಬಾರದಿತ್ತು.

ಹಾಗಂತ ಬರೀ ಜಲಪಾತ ತೆಗೆದರೂ ತಾಪತ್ರಯವೇ. ಪಕ್ಕದಲ್ಲಿ ಅಳತೆಗೆ ಏನೂ ಇಲ್ಲದಿದ್ದರೆ ಅದು ಮಳೆಗಾಲದಲ್ಲಿ ನಮ್ಮನೆ ಹಿಂದಿನ ಧರೆಯಿಂದ ಇಳಿಯೋ ನೀರಿನ ಹಾಗೇ ಕಾಣುತ್ತದೆ. ಒಂದು ನರಪಿಳ್ಳೆ ಬೇಕು. ಹಳೆಯ ಚೀನೀ ಚಿತ್ರಗಾರರಿಗೆ ಇದು ಗೊತ್ತಿತ್ತು. ಗೋಡೆಯೆತ್ತರದ ಬೆಟ್ಟ ಬರೆದು, ಬುಡದಲ್ಲಿ ಇರುವೆಯಷ್ಟು ದೊಡ್ಡ ದಾರಿಹೋಕನನ್ನು ಬಿಟ್ಟುಬಿಡುತ್ತಿದ್ದರು.

ನನಗೆ ಸಿಕ್ಕ ದಾರಿಹೋಕಳು ಅಮ್ಮ. ಕೆಂಪು ಸೀರೆ, ಕೈಯಲ್ಲಿ ಕೊಡೆ. ಲಿಂಗನಮಕ್ಕಿ ಅಣೆಕಟ್ಟು ನೀರು ಹಿಡಿದಿಟ್ಟುಕೊಂಡ ಮೇಲೆ ಬೇಸಿಗೆಯ ಜೋಗ ಅಂದರೆ ಜಾಸ್ತಿ ಬಂಡೆಯೇ. ಅದಕ್ಕೆ ಮಳೆಗಾಲದಲ್ಲಿ ಹೋಗಿದ್ದೆವು. ಮಳೆಗಾಲದಲ್ಲಿ ಹೋದರೆ ಮಂಜು ಸರಿಯುವವರೆಗೆ ಕಾಯಬೇಕು. ಕಾದೆವು. ಎರಡು ಸಲ ಮಂಡಕ್ಕಿ ತಿಂದೆವು.

ಮಂಜು ಸರಿಯಿತು. ಅಮ್ಮನನ್ನು ಕಂಬಿಯ ಹತ್ತಿರ ನಿಲ್ಲಿಸಿ ನಾನು ಹಿಂದೆ ಹಿಂದೆ ನಡೆದೆ. ಇದರಲ್ಲೊಂದು ಚೆಂದದ ಲೆಕ್ಕ ಇದೆ. ಐದು ಹೆಜ್ಜೆಯಿಂದ ಐವತ್ತು ಹೆಜ್ಜೆಗೆ ಹೋದರೆ ಅಮ್ಮ ಹತ್ತು ಪಾಲು ಚಿಕ್ಕವಳಾಗುತ್ತಾಳೆ. ಕಣಿವೆಯ ಆಚೆಗಿರುವ ಜೋಗಕ್ಕೆ ನನ್ನ ಐವತ್ತು ಹೆಜ್ಜೆ ಯಾವ ಲೆಕ್ಕ? ಅದು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಆಮೇಲೆ ಜೂಮ್ ಮಾಡಿದರೆ ಜಲಪಾತ ಅಮ್ಮನ ಬೆನ್ನಿಗೇ ಎದ್ದು ನಿಂತ ಹಾಗೆ! ಹತ್ತಿರ ನಿಂತು ವೈಡ್ ಲೆನ್ಸ್ ಹಾಕಿದ್ದರೆ ಅಮ್ಮ ದೊಡ್ಡವಳು, ಜೋಗ ಹಾಲಿನ ಎಳೆ.

ಲೆಕ್ಕ ಸರಿ, ಆದರೆ ಐವತ್ತು ಹೆಜ್ಜೆಯ ನಡುವೆ ಊರೇ ಬಂದು ನಿಂತಿತ್ತು. ಜೋಳ ತಿನ್ನುವವರು, ಸೆಲ್ಫಿಯವರು, ಅಳುವ ಮಗು. "ಎಲ್ಲಿಗೆ ಹೋಗ್ತಿದ್ದೀಯೋ, ನಾನಿಲ್ಲಿದೀನಿ!" ಅಂತ ಅಮ್ಮ ಕೊಡೆ ಬೀಸಿದಳು. ಆ ಕ್ಷಣಕ್ಕೇ ಒತ್ತಿದೆ.

ಕಾರಿನಲ್ಲಿ ಅಮ್ಮ ಕನ್ನಡಕ ಏರಿಸಿ ನೋಡಿದಳು. "ನಾನೆಲ್ಲಿ?"

ಕಿರುಬೆರಳಿನ ಉಗುರಿನಷ್ಟಿದ್ದ ಕೆಂಪನ್ನು ತೋರಿಸಿದೆ.

"ಇಷ್ಟಕ್ಕೆ ಹೊಸ ಸೀರೆ ಉಡಿಸಿದೆಯಾ?"

ನಾನು ಸೋಲಲಿಲ್ಲ. ಐದಡಿಯ ನಿನ್ನಂಥ 166 ಜನ ಒಬ್ಬರ ತಲೆ ಮೇಲೊಬ್ಬರು ನಿಂತರೆ ಜೋಗದ ಎತ್ತರ ಆಗುತ್ತೆ, ಅದು ಗೊತ್ತಾಗೋದು ನೀನು ಇಷ್ಟು ಚಿಕ್ಕದಾಗಿ ನಿಂತಾಗಲೇ ಅಂದೆ. "166 ಜನ ನನ್ನಂಥವರಿದ್ದರೆ ಅಡುಗೆ ಯಾರು ಮಾಡ್ತಾರೆ ಅನ್ನೋ ಚಿಂತೆ ಇರ್ತಿರಲಿಲ್ಲ" ಅಂದಳು ಅಮ್ಮ.

ಹಟಕ್ಕೆ ಬಿದ್ದು ದೊಡ್ಡದಾಗಿ ಪ್ರಿಂಟ್ ಹಾಕಿಸಲು ಸ್ಟುಡಿಯೋಗೆ ಕೊಟ್ಟೆ. ಅಲ್ಲಿನ ಹುಡುಗ ಒಳ್ಳೆಯವನು. ಯಾರೋ ಪಾಪ ಫೋಟೋ ತೆಗೆಯಲು ಬಾರದೆ ದೂರದಿಂದ ತೆಗೆದಿದ್ದಾರೆ ಅಂದುಕೊಂಡು, ಸುತ್ತಲಿನದೆಲ್ಲ ಕತ್ತರಿಸಿ ಅಮ್ಮನನ್ನು ಹಿಗ್ಗಿಸಿ ಕೊಟ್ಟ. ಮುಖ ಅವಲಕ್ಕಿ ಅಂಟಿಸಿದ ಹಾಗೆ ಚೂರುಚೂರು. ಹಿಂದೆ ಬೆಳ್ಳಗೆ ಏನೋ ಮಸುಕು.

ಅಮ್ಮನಿಗೆ ಮಾತ್ರ ಬಲು ಖುಷಿ. ಅದೇ ಈಗ ಹಾಲ್‌ನಲ್ಲಿ ನೇತಾಡುತ್ತಿದೆ. ಬಂದವರು ಎಲ್ಲಿ ತೆಗೆದದ್ದು ಅಂತ ಕೇಳಿದರೆ, "ಜೋಗದಲ್ಲಿ" ಅನ್ನುತ್ತಾಳೆ. ಎಲ್ಲಿ ಜೋಗ ಅಂದರೆ, ಫ್ರೇಮಿನ ಆಚೆಗಿರುವ ಗೋಡೆ ತೋರಿಸುತ್ತಾಳೆ.