ಐದು ಗಂಟೆಗೇ ರಾತ್ರಿಯಾಗುವ ಊರಿನಿಂದ

ಕಳೆದ ಡಿಸೆಂಬರಿನ ಒಂದು ಭಾನುವಾರ ಸಂಜೆ ಐದು ಗಂಟೆಗೆ ಉಡುಪಿಯಿಂದ ಅಕ್ಕನ ಮಗ ವಿಡಿಯೊ ಕಾಲ್ ಮಾಡಿದ. ಅವನ ಹಿಂದೆ ತೆಂಗಿನ ಮರ, ಅಂಗಳ, ಅಂಗಳದ ತುಂಬ ಬಿಸಿಲು. ಕೈಯಲ್ಲಿ ಬ್ಯಾಟು, ಮುಖದಲ್ಲಿ ಬೆವರು. ಇಲ್ಲಿ ನಾನು ಸ್ವೆಟರ್ ಹಾಕಿಕೊಂಡು ಟ್ಯೂಬ್‌ಲೈಟಿನ ಕೆಳಗೆ ಕೂತಿದ್ದೆ. ಹುಡುಗ ನನ್ನ ಹಿಂದಿನ ಕಪ್ಪು ಕಿಟಕಿಯನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕೇಳಿದ: "ಮಾಮ, ನಿಮ್ಮಲ್ಲಿ ರಾತ್ರಿಯಾ? ನೀವು ಇಂಡಿಯಾದಲ್ಲೇ ಇರುವುದಾ?"

ಅಕ್ಕ ಹಿಂದಿನಿಂದ ನಕ್ಕಳು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಮಾತ್ರ ಆ ಮಾತು ಚುಚ್ಚುತ್ತಲೇ ಇತ್ತು. ಅವನಿಗೆ ಇನ್ನೂ ಒಂದು ಗಂಟೆಯ ಆಟ ಬಾಕಿ ಇತ್ತು. ನನ್ನ ಮಗಳು ಆಗಲೇ ಆಟ ಮುಗಿಸಿ, ಕೈಕಾಲು ತೊಳೆದು, ಹೋಮ್‌ವರ್ಕ್ ಮಾಡುತ್ತಾ ಕೂತಿದ್ದಳು. ಇಬ್ಬರ ಗಡಿಯಾರದಲ್ಲೂ ಐದೇ ಗಂಟೆ.

ನಾನಿರುವುದು ಅಸ್ಸಾಮಿನ ದಿಬ್ರುಗಢದಲ್ಲಿ. ಬ್ಯಾಂಕಿನ ಕೆಲಸ, ವರ್ಗವಾಗಿ ಬಂದು ಮೂರು ವರ್ಷ. ಉಡುಪಿ ಕಡೆಯವರಿಗೆ ಬ್ಯಾಂಕಿನ ವರ್ಗ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹೊರಡುವ ಮೊದಲು ಎಲ್ಲರೂ ಬುದ್ಧಿ ಹೇಳಿದರು. ಮಳೆ ಜಾಸ್ತಿ, ಕೊಡೆ ತೆಗೆದುಕೊಂಡು ಹೋಗು ಅಂದರು (ಉಡುಪಿಯವನಿಗೆ!). ಚಳಿ ಉಂಟು, ಊಟ ಬೇರೆ, ಭಾಷೆ ಬೇರೆ ಅಂದರು. ಸೂರ್ಯನ ಬಗ್ಗೆ ಯಾರೂ ಒಂದು ಮಾತು ಹೇಳಲಿಲ್ಲ.

ಬಂದದ್ದು ಜೂನ್ ತಿಂಗಳಲ್ಲಿ. ಮೊದಲ ಬೆಳಗ್ಗೆ ಕಣ್ಣಿಗೆ ಬೆಳಕು ಹೊಡೆದು ಎಚ್ಚರವಾಯಿತು. ಏಳು ಗಂಟೆ ಆಗಿರಬೇಕು ಅಂತ ಫೋನ್ ನೋಡಿದರೆ ನಾಲ್ಕೂವರೆ. ಫೋನ್ ಕೆಟ್ಟಿದೆ ಅಂದುಕೊಂಡು ಮುಸುಕು ಹಾಕಿ ಮಲಗಿದೆ. ಆರೂವರೆಗೆ ಎದ್ದು ಬಾಗಿಲು ತೆರೆದಾಗ ಮನೆಯ ಯಜಮಾನಿ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದರು. ಅವರ ಸ್ನಾನ, ಪೂಜೆ, ಅಡುಗೆ ಎಲ್ಲ ಆಗಿತ್ತು. ನನ್ನನ್ನು ನೋಡಿ ತುಂಬಾ ಕಾಳಜಿಯಿಂದ ಹಿಂದಿಯಲ್ಲಿ ಕೇಳಿದರು: "ಮೈಗೆ ಹುಷಾರಿಲ್ವಾ?"

ಆರೂವರೆಗೆ ಏಳುವವನನ್ನು ನಮ್ಮ ಮನೆಯಲ್ಲಿ ಶಿಸ್ತಿನ ಹುಡುಗ ಅನ್ನುತ್ತಿದ್ದರು. ಇಲ್ಲಿ ನಾನು ರೋಗಿ. ಬೇಸರ ಕಳೆದ ಮೇಲೆ ಲೆಕ್ಕ ಹಾಕಿ ನೋಡಿದೆ. ಆ ದಿನಗಳಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ನಾಲ್ಕೂಕಾಲು ದಾಟಿದ ಕೂಡಲೇ. ಉಡುಪಿಯಲ್ಲಿ ಆರು ದಾಟಿದ ಮೇಲೆ. ಅಂದರೆ ಅವರ ಕಣ್ಣಿಗೆ ನಾನು ಎದ್ದದ್ದು ನಮ್ಮೂರಿನ ಎಂಟೂಕಾಲಿಗೆ. ಅಮ್ಮ ಆಗಿದ್ದರೆ ಹುಷಾರಿಲ್ವಾ ಅಂತ ಕೇಳುತ್ತಿರಲಿಲ್ಲ, ನೀರು ಸುರಿಯುತ್ತಿದ್ದಳು.

ಇದರ ಹಿಂದಿನ ಕಾರಣ ದೊಡ್ಡದೇನಲ್ಲ. 1906ರ ಜನವರಿ 1ರಿಂದ ಇಡೀ ದೇಶಕ್ಕೆ ಒಂದು ಸಮಯ ಅಂತ ಮಾಡಿದರು. ಮಿರ್ಜಾಪುರದ ಹತ್ತಿರ ಹಾದು ಹೋಗುವ 82.5 ಡಿಗ್ರಿ ರೇಖಾಂಶ ಅದಕ್ಕೆ ಆಧಾರ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ವ್ಯತ್ಯಾಸ. ದಿಬ್ರುಗಢ ಆ ಗೆರೆಯಿಂದ ಹನ್ನೆರಡು ಡಿಗ್ರಿಗೂ ಜಾಸ್ತಿ ಪೂರ್ವಕ್ಕಿದೆ. ಉಡುಪಿ ಹತ್ತಿರ ಹತ್ತಿರ ಎಂಟು ಡಿಗ್ರಿ ಪಶ್ಚಿಮಕ್ಕಿದೆ. ಎರಡೂ ಸೇರಿಸಿದರೆ ಸುಮಾರು 80 ನಿಮಿಷ. ಜೂನ್‌ನಲ್ಲಿ ಬೆಳಗಿನ ಅಂತರ ಅದಕ್ಕಿಂತ ಜಾಸ್ತಿ ಆಗುವುದು ಉತ್ತರದ ಊರಿನಲ್ಲಿ ಬೇಸಿಗೆಯ ಹಗಲು ಉದ್ದ ಇರುವುದರಿಂದ. ಕಲ್ಕತ್ತಾದವರು ಜಗ್ಗದೆ 1948ರವರೆಗೂ ತಮ್ಮದೇ ಸಮಯ ಇಟ್ಟುಕೊಂಡಿದ್ದರಂತೆ. ಅವರ ಹಟದ ಅರ್ಥ ನನಗೆ ಇಲ್ಲಿಗೆ ಬಂದ ಮೇಲೆ ಆಯಿತು.

ಬೇಗ ಏಳುವುದು ಹೇಗೋ ಅಭ್ಯಾಸವಾಯಿತು. ಅಭ್ಯಾಸ ಆಗದೆ ಉಳಿದದ್ದು ಸಂಜೆ.

ನಮ್ಮಲ್ಲಿ ಸಂಜೆ ಅಂದರೆ ಅದೊಂದು ಜಾಗದ ಹಾಗೆ. ಕೆಲಸ ಮುಗಿಸಿ ಅದರೊಳಗೆ ಹೋಗಿ ಕೂರಬಹುದು. ಐದೂವರೆಗೆ ಬ್ಯಾಂಕಿನಿಂದ ಹೊರಟರೂ ಮಲ್ಪೆಗೆ ಹೋಗಿ, ಮರಳಿನಲ್ಲಿ ಕೂತು, ಚುರುಮುರಿ ತಿಂದು, ಸೂರ್ಯ ನೀರಿಗೆ ಇಳಿಯುವುದನ್ನು ನೋಡಲು ಸಮಯವಿರುತ್ತದೆ. ಬೇಸಿಗೆಯಲ್ಲಂತೂ ಏಳರ ತನಕ ಬೆಳಕು. ಮನೆಯಲ್ಲಿ ದೀಪ ಇಡುವ ಹೊತ್ತು, ಮಕ್ಕಳು ಭಜನೆಗೆ ಕೂರುವ ಹೊತ್ತು, ಅಪ್ಪ ಪೇಟೆಯಿಂದ ಬರುವ ಹೊತ್ತು, ಎಲ್ಲ ಒಂದೇ. ಮೂರುಸಂಜೆ ಹೊತ್ತಲ್ಲಿ ಮಲಗಬಾರದು, ಗುಡಿಸಬಾರದು, ಹೊಸ್ತಿಲ ಮೇಲೆ ಕೂರಬಾರದು. ಇಷ್ಟೆಲ್ಲ ಬಾರದುಗಳು ಇದ್ದದ್ದೇ ಆ ಹೊತ್ತಿನಲ್ಲಿ ಎಲ್ಲರೂ ಮನೆಯಲ್ಲಿ ಇರುತ್ತಿದ್ದರು ಅನ್ನುವ ಕಾರಣಕ್ಕೆ.

ಇಲ್ಲಿ ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು 4:20ರ ಆಸುಪಾಸಿಗೆ. ಆಗ ನನ್ನ ಮುಂದೆ ವೋಚರುಗಳ ರಾಶಿ, ಕ್ಯಾಶ್ ತಾಳೆ ಬಿದ್ದಿರುವುದಿಲ್ಲ. ಮೂರುಸಂಜೆ ಬ್ಯಾಂಕಿನೊಳಗೇ ಬಂದು ಬ್ಯಾಂಕಿನೊಳಗೇ ಹೋಗಿಬಿಡುತ್ತದೆ. ಹೊರಗೆ ಕಾಲಿಟ್ಟರೆ ರಾತ್ರಿ. ಮನೆ ಮುಟ್ಟುವಾಗ ಆರೂವರೆ, ಆದರೆ ಮೈಗೆ ಒಂಬತ್ತು ಗಂಟೆಯ ಆಯಾಸ. ವಾರಪೂರ್ತಿ ಮಗಳನ್ನು ನಾನು ಹಗಲಿನಲ್ಲಿ ನೋಡುವುದು ಶಾಲೆಯ ವ್ಯಾನಿಗೆ ಹತ್ತಿಸುವಾಗ ಮಾತ್ರ.

ಈ ಗೊಂದಲದಲ್ಲಿ ಅಮ್ಮನ ರಾಹುಕಾಲ ಬೇರೆ. ಒಂದು ಭಾನುವಾರ ಶಿವಸಾಗರದಲ್ಲಿರುವ ಸಹೋದ್ಯೋಗಿಯ ಮನೆಗೆ ಹೊರಟಿದ್ದೆವು. ಫೋನಿನಲ್ಲಿ ಅಮ್ಮ, "ನಾಲ್ಕೂವರೆಯ ಒಳಗೆ ಮನೆ ಬಿಡಿ, ಆಯ್ತಾ?" ಅಂದಳು. ನಾನು ಬುದ್ಧಿವಂತಿಕೆ ತೋರಿಸಿದೆ. "ಅಮ್ಮ, ನಾಲ್ಕೂವರೆಗೆ ಇಲ್ಲಿ ಸೂರ್ಯನೇ ಇರುವುದಿಲ್ಲ. ರಾಹು ಬಂದು ಎಂತದನ್ನು ನುಂಗುವುದು?" ಆ ಕಡೆ ಸ್ವಲ್ಪ ಹೊತ್ತು ಮೌನ. ಮರುದಿನ ಅವಳು ದೇವಸ್ಥಾನದ ಭಟ್ಟರನ್ನೇ ಕೇಳಿ ಬಂದಿದ್ದಳು. ಕ್ಯಾಲೆಂಡರಿನ ಲೆಕ್ಕ ಸುಮ್ನೆ ಆರರಿಂದ ಆರಕ್ಕೆ ಹಾಕಿದ್ದು. ಆಯಾ ಊರಿನ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಎಂಟು ಪಾಲು ಮಾಡಿ, ಭಾನುವಾರಕ್ಕೆ ಕೊನೆಯ ಪಾಲು ಹಿಡಿಯಬೇಕು. ಹಾಗೆ ನೋಡಿದರೆ ಅಂದಿನ ರಾಹುಕಾಲ ಮೂರು ಗಂಟೆಯಿಂದ ನಾಲ್ಕೂಕಾಲು ದಾಟುವವರೆಗೆ. ನಾವು ಹೊರಟದ್ದು ಮೂರೂವರೆಗೆ. ದಾರಿಯಲ್ಲಿ ಟೈರ್ ಪಂಕ್ಚರ್ ಆಗಿತ್ತು. ಅದನ್ನು ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ.

ಇಲ್ಲಿಯ ಚಹಾ ತೋಟದವರು ಮಾತ್ರ ಈ ಗಡಿಯಾರವನ್ನು ಎಂದೋ ಕೈಬಿಟ್ಟಿದ್ದಾರೆ. ಅವರದ್ದು ಬಾಗಾನ್ ಟೈಮ್, ತೋಟದ ಸಮಯ. ನಮ್ಮ ಗಡಿಯಾರಕ್ಕಿಂತ ಒಂದು ಗಂಟೆ ಮುಂದೆ. ಬ್ರಿಟಿಷ್ ತೋಟದ ದೊರೆಗಳು ಹಗಲಿನ ಬೆಳಕು ಹಾಳಾಗದಿರಲಿ ಅಂತ ಶುರು ಮಾಡಿದ್ದು. ಅವರು ಹೋದರೂ ಅದು ಉಳಿಯಿತು. ನನಗೆ ಇದು ಗೊತ್ತಿರಲಿಲ್ಲ. ಒಂದು ತೋಟಕ್ಕೆ ಸಾಲದ ಇನ್‌ಸ್ಪೆಕ್ಷನ್‌ಗೆ ಹೋಗಬೇಕಿತ್ತು. ಏಳು ಗಂಟೆಗೆ ಬನ್ನಿ ಅಂದಿದ್ದರು. ಉತ್ಸಾಹದಿಂದ ಐದು ನಿಮಿಷ ಮೊದಲೇ ಹೋದೆ. ತೋಟದ ಗುಮಾಸ್ತರು ಗೇಟಿನಲ್ಲಿ ನಿಂತು ಮುಖ ಸಣ್ಣ ಮಾಡಿಕೊಂಡಿದ್ದರು. "ಒಂದು ಗಂಟೆಯಿಂದ ಕಾಯ್ತಾ ಇದ್ದೇವೆ ಸರ್." ನಾನು ವಾಚು ತೋರಿಸಿದೆ. ಅವರು ಆಫೀಸಿನ ಗೋಡೆ ಗಡಿಯಾರ ತೋರಿಸಿದರು. ಅದರಲ್ಲಿ ಎಂಟಕ್ಕೆ ಐದು ನಿಮಿಷ. ಚಹಾ ಕುಡಿಯುವಾಗ ಅವರು ಹೇಳಿದರು, "ನಿಮ್ಮದು ದಿಲ್ಲಿ ಟೈಮು. ನಮ್ಮದು ಸೂರ್ಯನ ಟೈಮು." ಚಹಾ ಎಲೆಗೆ ಇಷ್ಟು ಮರ್ಯಾದೆ ಇದೆ, ಬ್ಯಾಂಕಿನ ನೌಕರನಿಗೆ ಇಲ್ಲ ಅನ್ನಿಸಿತು.

ಅವತ್ತಿನಿಂದ ನಾನು ಬಾಗಾನ್ ಟೈಮ್ ಪಕ್ಷ. ಈಶಾನ್ಯಕ್ಕೆ ಬೇರೆ ಗಡಿಯಾರ ಕೊಡಲಿ ಅಂತ ನೇರವಾಗಿ ಹೇಳುತ್ತೇನೆ. ಇದು ನನ್ನೊಬ್ಬನ ಹುಚ್ಚೂ ಅಲ್ಲ. 2014ರಲ್ಲಿ ಆಗಿನ ಮುಖ್ಯಮಂತ್ರಿ ತರುಣ್ ಗೊಗೋಯ್ ಇದನ್ನೇ ಎತ್ತಿದ್ದರು. 2018ರಲ್ಲಿ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳೂ ದೇಶಕ್ಕೆ ಎರಡು ಸಮಯ ಇಡಬಹುದು, ಪೂರ್ವದ್ದು ಒಂದು ಗಂಟೆ ಮುಂದಿರಲಿ ಅಂತ ಬರೆದರು. ಏನೂ ಆಗಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಈ ವಿಷಯ ತೆಗೆದರೆ ಭಾವ ಒಂದೇ ಏಟಿಗೆ ಮುಗಿಸುತ್ತಾನೆ. "ಒಂದು ದೇಶಕ್ಕೆ ಎರಡು ಗಡಿಯಾರ ಎಂತಕ್ಕೆ ಮಾರಾಯ? ರೈಲು ರೈಲು ಗುದ್ದಿಕೊಂಡಾವು."

ಭಾವನಿಗೆ ಹಾಗೆ ಹೇಳುವುದು ಸುಲಭ, ಗಡಿಯಾರ ಅವನ ಪರವಾಗಿದೆ. ಉಡುಪಿಯಲ್ಲಿ ಸೂರ್ಯ ನೆತ್ತಿಗೆ ಬರುವುದೇ ಹನ್ನೆರಡೂವರೆ ಹೊತ್ತಿಗೆ. ಅಂದರೆ ಅರ್ಧ ಗಂಟೆಯ ಸಂಜೆ ಅವನಿಗೆ ಪುಕ್ಕಟೆ. ನಮಗೆ ಇಲ್ಲಿ ಹನ್ನೊಂದೂಕಾಲಿನ ಒಳಗೇ ಮಧ್ಯಾಹ್ನ. ಜೂನ್‌ನಲ್ಲಿ ಹತ್ತು ಗಂಟೆಗೆ ನಾವು ಬ್ಯಾಂಕಿನ ಬಾಗಿಲು ತೆರೆಯುವುದು ಉಡುಪಿಯಲ್ಲಿ ಹನ್ನೊಂದೂಮುಕ್ಕಾಲಿಗೆ ತೆರೆದ ಹಾಗೆ. ಆಮೇಲೆ ಈಶಾನ್ಯದವರು ಸೋಮಾರಿಗಳು, ಐದಕ್ಕೇ ಅಂಗಡಿ ಮುಚ್ಚುತ್ತಾರೆ ಅನ್ನುವ ಮಾತು ಬೇರೆ. ಬೆಂಗಳೂರಿನಲ್ಲಿ ಕೂತ ಒಬ್ಬ ಗೆಳೆಯ ಹೀಗೆ ಹೇಳಿದಾಗ ಜಗಳವೇ ಆಡಿದೆ. ಅವನು ಏಳುವುದು ಎಂಟೂವರೆಗೆ.

ಹೋದ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಮೈ ಇಲ್ಲಿಯ ಲೆಕ್ಕಕ್ಕೆ ಒಗ್ಗಿತ್ತಲ್ಲ, ನಾಲ್ಕೂವರೆಗೆ ಎಚ್ಚರವಾಯಿತು. ಹೊರಗೆ ಗವ್ ಎನ್ನುವ ಕತ್ತಲೆ. ಐದಕ್ಕೂ ಕತ್ತಲೆ. ಜಗಲಿಯಲ್ಲಿ ಕೂತು ಕಾದೆ. ಐದೂವರೆ ಆದರೂ ನಾಯಿ ಕೂಡ ಏಳಲಿಲ್ಲ. ಆರಕ್ಕೆ ಅಮ್ಮ ಎದ್ದವಳು ನನ್ನನ್ನು ನೋಡಿ ಹೆದರಿದಳು. "ಎಂತಾಯ್ತಾ? ನಿದ್ದೆ ಬರುವುದಿಲ್ವಾ ಅಲ್ಲಿ?" ಸಂಜೆ ಮಲ್ಪೆಗೆ ಹೋಗೋಣ ಅಂದೆ. ಭಾವನಿಗೆ ಕ್ರಿಕೆಟ್ ಮ್ಯಾಚು. ಅಕ್ಕನಿಗೆ ಧಾರಾವಾಹಿ. ಅಳಿಯನಿಗೆ ಟ್ಯೂಷನ್ನು. "ಮಲ್ಪೆಗಾ? ನಾವು ಹೋಗದೆ ವರ್ಷ ಆಯ್ತು" ಅಂದಳು ಅಕ್ಕ. ಕೊನೆಗೆ ನಾನೊಬ್ಬನೇ ಹೋದೆ. ಸೂರ್ಯ ಚೆನ್ನಾಗಿಯೇ ಮುಳುಗಿದ. ಸುತ್ತ ಇದ್ದವರೆಲ್ಲ ಅವನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ಹೇಳಬಾರದು ಅಂತಿದ್ದೆ, ಇರಲಿ, ಹೇಳಿಬಿಡುತ್ತೇನೆ. ವಾಪಸು ಬಂದ ಮರುದಿನ ಬೆಳಗ್ಗೆ ಐದಕ್ಕೆ ಇಲ್ಲಿಯ ನದಿ ಒಡ್ಡಿನ ಮೇಲೆ ನಡೆಯಲು ಹೋದೆ. 1950ರ ಭೂಕಂಪದ ನಂತರ ಬ್ರಹ್ಮಪುತ್ರ ಊರನ್ನೇ ಕೊರೆಯತೊಡಗಿದಾಗ ಕಟ್ಟಿದ ಒಡ್ಡು ಅದು. ಅಷ್ಟು ಹೊತ್ತಿಗೆ ಅಲ್ಲಿ ಜಾತ್ರೆ. ಮುದುಕರು ಗುಂಪು ಕಟ್ಟಿ ರಾಜಕೀಯ ಮಾತಾಡುತ್ತಿದ್ದಾರೆ. ಹುಡುಗರು ಫುಟ್‌ಬಾಲ್ ಆಡುತ್ತಿದ್ದಾರೆ. ಮೀನಿನ ಬುಟ್ಟಿಯ ಸುತ್ತ ಚೌಕಾಸಿ ನಡೆದಿದೆ. ನಮ್ಮ ಮನೆಯ ಯಜಮಾನಿ ತಂಗಿಯ ಜೊತೆ ಬೆಂಚಿನ ಮೇಲೆ ಕೂತು ಹಾಲಿಲ್ಲದ ಕೆಂಪು ಚಹಾ ಕುಡಿಯುತ್ತಿದ್ದಾರೆ. ಯಾರಿಗೂ ಅವಸರವಿಲ್ಲ, ಕೆಲಸಕ್ಕೆ ಇನ್ನೂ ಐದು ಗಂಟೆ ಇದೆ. ನಮ್ಮಲ್ಲಿ ಸಂಜೆ ಐದೂವರೆಗೆ ಏನೇನು ನಡೆಯಬೇಕೋ ಅದೆಲ್ಲ ಇಲ್ಲಿ ಬೆಳಗ್ಗೆ ಐದೂವರೆಗೆ ನಡೆಯುತ್ತಿತ್ತು. ಎರಡು ವರ್ಷದಿಂದ ಇವರಿಗೆ ಸಂಜೆಯೇ ಇಲ್ಲ ಅಂತ ಮರುಗಿದ್ದೆ. ನಾನು ಮುಸುಕು ಹಾಕಿ ಮಲಗಿದ್ದ ಹೊತ್ತಿನಲ್ಲಿ ಅವರು ಅದನ್ನು ಮುಗಿಸುತ್ತಿದ್ದರು, ಅಷ್ಟೆ.

ಇನ್ನೊಂದು ವಿಷಯ. ಬಾಗಾನ್ ಟೈಮ್ ಬಂದರೂ ಡಿಸೆಂಬರಿನ ಸೂರ್ಯ ಮುಳುಗುವುದು 5:20ಕ್ಕೆ. ಆ ತಿಂಗಳಲ್ಲಿ ಇಲ್ಲಿಯ ಹಗಲು ಹತ್ತೂವರೆ ಗಂಟೆ, ಉಡುಪಿಯದ್ದು ಹನ್ನೊಂದಕ್ಕೂ ಜಾಸ್ತಿ. ಅದು ಉತ್ತರಕ್ಕಿರುವ ಊರಿನ ಪಾಡು. ಗಡಿಯಾರದ ಮುಳ್ಳು ತಿರುಗಿಸಿ ಹಗಲು ಹಿಗ್ಗಿಸಲು ಆಗುವುದಿಲ್ಲ. ಇಲ್ಲಿಯ ಚಳಿಗಾಲದ ಬಿಸಿಲಿಗೆ ಆ ಬೆಲೆ ಬಂದದ್ದೂ ಅದು ಕಡಿಮೆ ಇರುವುದಕ್ಕೇ ಇರಬೇಕು. ಜನವರಿಯಲ್ಲಿ ನಮ್ಮ ಗ್ರಾಹಕರು ಟೋಕನ್ ತೆಗೆದುಕೊಂಡು ಒಳಗೆ ಕೂರುವುದಿಲ್ಲ. ಹೊರಗೆ ಬಿಸಿಲಿಗೆ ಬೆನ್ನು ಕೊಟ್ಟು ಕಿತ್ತಳೆ ಸುಲಿಯುತ್ತಾ ನಿಲ್ಲುತ್ತಾರೆ. ನಂಬರ್ ಕೂಗಿದರೂ ಬರುವುದಿಲ್ಲ. ಬಿಸಿಲು ಅಂದ ಕೂಡಲೇ ನೆರಳು ಹುಡುಕಿ ಬೆಳೆದವನು ನಾನು. ಈಗ ನಾನೂ ಟಿಫಿನ್ ಬಾಕ್ಸ್ ಹಿಡಿದು ಅವರ ಪಕ್ಕ ಹೋಗಿ ನಿಲ್ಲುತ್ತೇನೆ.

ಆದರೂ ಗಡಿಯಾರ ಬದಲಾಯಿಸಲಿ ಅನ್ನುವ ಮಾತಿನಿಂದ ಹಿಂದೆ ಸರಿಯುವುದಿಲ್ಲ. ನನಗೆ ನನ್ನ ಅರ್ಧ ಗಂಟೆಯಾದರೂ ಬೇಕು.

ಅಮ್ಮ ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಮ್ಮೂರಿನ ಸೂರ್ಯಾಸ್ತದ ಪಕ್ಕ ಪೆನ್ನಿನಿಂದ ಇಲ್ಲಿಯದ್ದನ್ನೂ ಬರೆದುಕೊಳ್ಳುತ್ತಾಳೆ. ಅಳಿಯ ಮೊಬೈಲಿನಲ್ಲಿ ನೋಡಿ ಹೇಳುತ್ತಾನಂತೆ. ಮೊನ್ನೆ ನಾಲ್ಕೂಕಾಲಿಗೆ ಫೋನ್ ಬಂತು. ಎದುರಿಗೆ ಗ್ರಾಹಕರು, ಮೇಜಿನ ಮೇಲೆ ಚೆಕ್ಕುಗಳು.

"ದೀಪ ಇಟ್ಟಾಯ್ತಾ?"

ಕಿಟಕಿಯಾಚೆ ಆಕಾಶ ಕೆಂಪಾಗಿತ್ತು. ಒಂದು ನಿಮಿಷ ಅಂತ ಎದ್ದು, ಗೋಡೆಯ ಹತ್ತಿರ ಹೋಗಿ, ಹಾಲಿನ ಆರೂ ಟ್ಯೂಬ್‌ಲೈಟುಗಳ ಸ್ವಿಚ್ ಹಾಕಿದೆ.

"ಆಯ್ತಮ್ಮ. ಈಗಷ್ಟೇ ಇಟ್ಟೆ."