ಹೊಲದ ಜೊತೆ ದಾರಿಯನ್ನೂ ಮಾರಿಬಿಟ್ಟೆವು

2021ರಲ್ಲಿ ನಾವು ಜಾಂಬೋಟಿ ಹತ್ತಿರದ ನಮ್ಮ ಗದ್ದೆ ಮಾರಿದೆವು. ಒಂದು ಎಕರೆ ಆರು ಗುಂಟೆ ಭತ್ತದ ಗದ್ದೆ, ಅಂಚಿಗೆ ಏಳೆಂಟು ಕಾಜು ಗಿಡ. ಅಪ್ಪನ ಆಪರೇಷನ್ ಆಗಬೇಕಿತ್ತು. ತಂಗಿಯ ಮದುವೆಯೂ ಹತ್ತಿರ ಬಂದಿತ್ತು. ನಾನು ಬೆಳಗಾವಿಯಲ್ಲಿ, ತಮ್ಮ ಪುಣೆಯಲ್ಲಿ. ಗದ್ದೆಗೆ ಇಳಿಯುವವರು ಯಾರೂ ಇರಲಿಲ್ಲ. ಮಾರಿದ್ದಕ್ಕೆ ಬೇಜಾರಿಲ್ಲ. ಆದರೆ ಮಾರುವಾಗ ಒಂದು ತಪ್ಪು ಮಾಡಿದೆವು. ಅದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ.

ನಮ್ಮ ಗದ್ದೆಯ ಬದುವಿನ ಮೇಲೆ ಒಂದು ದಾರಿ ಇತ್ತು. ಜೋಡೆತ್ತು ಹಾಯುವಷ್ಟು ಅಗಲ. ಹಿಂದಿನ ಗದ್ದೆಯ ಕಾಕಾ, ಕಾಕು ಅದರ ಮೇಲೆಯೇ ಓಡಾಡುತ್ತಿದ್ದರು. ನೇಗಿಲು, ಗೊಬ್ಬರ, ಸುಗ್ಗಿಯಲ್ಲಿ ಹುಲ್ಲಿನ ಹೊರೆ, ಎಲ್ಲವೂ ಅಲ್ಲಿಂದಲೇ. ನಮ್ಮ ಅಜ್ಜನ ಕಾಲದಿಂದ ಹಾಗೇ ನಡೆದಿತ್ತು. ಮಳೆಗೆ ಬದು ಕುಸಿದರೆ ಕಾಕಾ ತಾವೇ ಮಣ್ಣು ಹಾಕಿ ಕಟ್ಟುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಕಾಕು ನಮ್ಮ ಮನೆಗೆ ಒಂದು ಪುಟ್ಟಿ ಹೊಸ ಅಕ್ಕಿ ಕಳಿಸುತ್ತಿದ್ದರು. ಇದು ದಾರಿಯ ಬಾಡಿಗೆ ಅಂತ ಯಾರೂ ಅಂದುಕೊಂಡಿರಲಿಲ್ಲ.

ಖರೀದಿ ಪತ್ರದಲ್ಲಿ ಚೆಕ್ಕುಬಂದಿ ಬರೆಸಿದೆವು. ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ನಾಲಾ, ಹೀಗೆ ನಾಲ್ಕೂ ದಿಕ್ಕು. ದಾರಿ ಅನ್ನುವ ಪದ ಅದರಲ್ಲಿ ಎಲ್ಲೂ ಇಲ್ಲ. ಅಪ್ಪನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಬರೆದವರೂ ಕೇಳಲಿಲ್ಲ.

ಹೋದ ದೀಪಾವಳಿಯ ಹೊತ್ತಿಗೆ ಅಲ್ಲಿ ಕಾಂಪೌಂಡ್ ಎದ್ದಿತು. ಕಬ್ಬಿಣದ ಗೇಟ್ ಬಂತು. ಕಾಕಾ ಈಗ ನಾಲಾ ದಾಟಿ, ಇನ್ನೊಬ್ಬರ ಗದ್ದೆ ಸುತ್ತಿ ಹೋಗಬೇಕು. ಮಳೆಗಾಲದಲ್ಲಿ ಆ ನಾಲಾ ಎತ್ತುಗಳನ್ನು ಬಿಡುವುದಿಲ್ಲ. ನಾನು ಊರಿಗೆ ಹೋದಾಗ ಅವರು ಸಿಟ್ಟು ಮಾಡಲಿಲ್ಲ. ಅದೇ ಜಾಸ್ತಿ ಚುಚ್ಚಿತು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಇಷ್ಟೇ ಹೇಳಿದರು: "ನಿಮ್ಮ ಗದ್ದಿ ಇದ್ದಾಗ ಕೇಳೂ ಜರೂರಿನೇ ಇರಲಿಲ್ಲ ನೋಡಪಾ. ಈಗ ಯಾರನ್ನ ಕೇಳಬೇಕು ಅಂತ ಗೊತ್ತಾಗವಲ್ದು."

ಇದು ನಮ್ಮೊಂದೇ ಊರಿನ ಕಥೆ ಅಲ್ಲ. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ತನಕ ಹೋಗಿ ನೋಡಿ. ರಸ್ತೆಯ ಎರಡೂ ಕಡೆ ಪ್ಲಾಟಿನ ಬೋರ್ಡುಗಳು ಕಾಣುತ್ತವೆ. ಮೊದಲು ಬೇಸಾಯ ಮಾಡದವರು ಹೊಲ ಕೊಳ್ಳುವುದು ಕಷ್ಟವಿತ್ತು. ಬೇರೆ ಕಡೆಯಿಂದ ವರ್ಷಕ್ಕೆ 25 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಆದಾಯ ಇದ್ದವರಿಗೂ ಆಗುತ್ತಿರಲಿಲ್ಲ. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂತು, 79ಎ ಮತ್ತು 79ಬಿ ಕಲಂಗಳು ಹೋದವು. ನಮ್ಮ ಗದ್ದೆ ಮಾರಾಟವಾದದ್ದೂ ಆ ಬಾಗಿಲು ತೆರೆದದ್ದರಿಂದಲೇ. ಹಾಗಾಗಿ ಕೊಳ್ಳುವವರೆಲ್ಲ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಮಾರುವವರ ಮನೆಯ ಕಷ್ಟ ನನಗೆ ಗೊತ್ತು. ಒಂದು ಎಕರೆ ಮೂವರು ಅಣ್ಣತಮ್ಮಂದಿರಲ್ಲಿ ವಾಟ್ನಿ ಆದರೆ ಒಬ್ಬೊಬ್ಬನಿಗೆ ಹದಿಮೂರು ಗುಂಟೆ ಬರುತ್ತದೆ. ಅಷ್ಟರಲ್ಲಿ ಯಾರ ಮನೆ ನಡೆಯುತ್ತದೆ?

ಆದರೆ ಊರು ಅಂದರೆ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇರುವಷ್ಟೇ ಅಲ್ಲ, ಅಲ್ವಾ? ದೇವಸ್ಥಾನಕ್ಕೆ ಒಂದು ಕಾಲುದಾರಿ, ದನ ನೀರಿಗೆ ಇಳಿಯುವ ಒಂದು ಜಾಗ, ಗಣಪತಿಯನ್ನು ಹೊತ್ತುಕೊಂಡು ಹೊಳೆಗೆ ಹೋಗುವ ದಾರಿ. ಇವೆಲ್ಲ ಯಾರದೋ ಹೊಲದೊಳಗೇ ಹಾಯ್ದು ಹೋಗಿರುತ್ತವೆ. ಖಾನಾಪುರ ತಾಲ್ಲೂಕಿನ ಕಾಡಿನ ಊರುಗಳಲ್ಲಂತೂ ಕಾಲುದಾರಿಯೇ ಜೀವ. ಭೀಮಗಡ 2011ರಲ್ಲಿ ವನ್ಯಜೀವಿ ಧಾಮವಾಯಿತು. ಅದರ ಒಳಗಿನ ಊರುಗಳಲ್ಲಿ ಮಳೆಗಾಲದಲ್ಲಿ ಕಾಯಿಲೆಯವರನ್ನು ಹೆಗಲ ಮೇಲೆ ಹೊತ್ತು ತರುವುದು ಇನ್ನೂ ನಿಂತಿಲ್ಲ.

ನೀರಿನ ದಾರಿಯದ್ದೂ ಇದೇ ಪಾಡು. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಅಲ್ಲಿಂದ 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ನಡುವೆ ಸವದತ್ತಿ ಹತ್ತಿರದ ನವಿಲುತೀರ್ಥ ಡ್ಯಾಮಿನಿಂದ ಹುಬ್ಬಳ್ಳಿ-ಧಾರವಾಡದ ಮನೆಮನೆಗೆ ಕುಡಿಯುವ ನೀರು ಹೋಗುತ್ತದೆ. ಆ ಹೊಳೆಗೆ ನೀರು ಕೂಡಿಸುವುದು ಇಂಥ ಸಣ್ಣ ಸಣ್ಣ ನಾಲಾಗಳು. ಪ್ಲಾಟ್ ಸಮ ಮಾಡುವಾಗ ಜೆಸಿಬಿ ಮೊದಲು ಮುಚ್ಚುವುದು ಅವನ್ನೇ. ಬೇಸಿಗೆಯಲ್ಲಿ ಒಣಗಿದ ಗುಂಡಿಯಂತೆ ಕಾಣುತ್ತದೆ, ನಿಜ. ಜುಲೈನಲ್ಲಿ ಬಂದು ನೋಡಿ. ನಮ್ಮ ಊರಲ್ಲಿ ಹಾಗೆ ಮುಚ್ಚಿದ ನಾಲಾದ ನೀರು ಪಕ್ಕದ ಗದ್ದೆಗೆ ನುಗ್ಗಿ, ನಾಟಿ ಮಾಡಿದ ಸಸಿಗಳ ಮೇಲೆ ಮಣ್ಣು ಕೂತಿತು.

ನಮ್ಮ ಗದ್ದೆ ಕೊಂಡವರ ಹತ್ತಿರ ನಾನೇ ಹೋಗಿ ಮಾತಾಡಿದೆ. ಒಳ್ಳೆಯ ಮನುಷ್ಯ. ಚಹಾ ಕೊಟ್ಟು ಕೂರಿಸಿದರು. ಅಲ್ಲಿ ದಾರಿ ಇತ್ತು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ! ಏಜೆಂಟ್ ಹೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಮಳೆ ನೋಡಲು ಬಂದವರು ಒಳಗೆ ಕೂತು ಕುಡಿದು ಬಾಟಲಿ ಒಡೆದು ಹೋಗುತ್ತಾರೆ, ಅದಕ್ಕೇ ಗೇಟ್ ಹಾಕಿದೆ ಅಂದರು. ಅವರ ಮಾತಲ್ಲೂ ಸತ್ಯ ಇದೆ. ಗೇಟಿನ ಒಂದು ಕೀಲಿ ಕಾಕಾಗೆ ಕೊಡುತ್ತೇನೆ ಅಂದರು. ನಾನು ಬೇಡ ಅಂದೆ. ಇವತ್ತು ಇವರು ಕೊಡುತ್ತಾರೆ, ನಾಳೆ ಇವರು ಇನ್ನೊಬ್ಬರಿಗೆ ಮಾರಿದರೆ? ಕಾಗದದಲ್ಲೇ ಆಗಬೇಕು.

ಆಮೇಲೆ ವಕೀಲರನ್ನು ಕೇಳಿದೆ. 1882ರ ಈಸ್‌ಮೆಂಟ್ ಕಾಯ್ದೆ ಅಂತ ಇದೆ. 20 ವರ್ಷ ಯಾರ ಅಡ್ಡಿಯೂ ಇಲ್ಲದೆ, ಎಲ್ಲರಿಗೂ ಕಾಣುವಂತೆ, ತನ್ನ ಹಕ್ಕು ಅಂತಲೇ ಒಂದು ದಾರಿ ಬಳಸಿದ್ದರೆ ಆ ದಾರಿಯ ಮೇಲೆ ಹಕ್ಕು ಬರುತ್ತದೆ. ಆದರೆ ದಾರಿ ತಡೆದ ಮೇಲೆ ಎರಡು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ಸುಮ್ನೆ ಕೂತರೆ ಹಕ್ಕು ಕೈ ಜಾರುತ್ತದೆ. ನಮ್ಮ ಕಡೆಯ ಎಷ್ಟೋ ಜನ "ದೊಡ್ಡವರ ಸಹವಾಸ ಯಾಕೆ" ಅಂತ ಈ ಎರಡು ವರ್ಷವನ್ನೇ ಕಳೆದುಬಿಡುತ್ತಾರೆ. ದಯವಿಟ್ಟು ಕಳೆಯಬೇಡಿ. ಮೊದಲು ತಹಶೀಲ್ದಾರರಿಗೆ ಒಂದು ಅರ್ಜಿ ಕೊಡಿ. ಗ್ರಾಮ ನಕಾಶೆ ತೆಗೆಸಿ ನೋಡಿ, ಎಷ್ಟೋ ಹಳೇ ದಾರಿಗಳು ಅದರಲ್ಲಿ ಗೆರೆಯಾಗಿ ಇನ್ನೂ ಇವೆ.

ಈಗ ಮಾರಲು ಹೊರಟವರಿಗೆ ನನ್ನ ಕೈಮುಗಿದ ವಿನಂತಿ. ಸಂಚಕಾರ (ಮುಂಗಡ ಹಣ) ತೆಗೆದುಕೊಳ್ಳುವ ಮೊದಲು ಹಿಂದಿನ ಹೊಲದವರನ್ನು ಕರೆದು ಒಂದು ಸಲ ಬದುವಿನ ಮೇಲೆ ನಡೆಯಿರಿ. ಸರ್ವೇ ನಂಬರಿನ ಒಂದು ಭಾಗ ಮಾರುವುದಾದರೆ ಹೇಗೂ 11ಇ ನಕ್ಷೆಗೆ, ಅಂದರೆ ಮಾರುವ ಭಾಗದ ಅಳತೆ ನಕ್ಷೆಗೆ, ಸರ್ವೇಯರ್ ಬರುತ್ತಾರೆ. ಅವತ್ತೇ ದಾರಿ, ನಾಲಾ ಎರಡನ್ನೂ ಅವರಿಗೆ ತೋರಿಸಿ. ಖರೀದಿ ಪತ್ರದಲ್ಲಿ ಎಷ್ಟು ಅಡಿ ಅಗಲ, ಯಾವ ಬದುವಿನ ಮೇಲೆ ಅಂತ ಬರೆಸಿ. ರೇಟು ಸ್ವಲ್ಪ ಕಡಿಮೆ ಆದರೂ ಆಗಲಿ.

ಕೊಳ್ಳುವವರಿಗೂ ಒಂದು ಮಾತು. ಎನ್ಎ ಆಗದ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ ಆಗದ ಹೊಲವನ್ನು ಗುಂಟೆ ಗುಂಟೆ ಕತ್ತರಿಸಿ, ಬರೀ ಬಾಂಡ್ ಪೇಪರ್ ಮೇಲೆ ಕೊಡುವವರಿಂದ ದೂರ ಇರಿ. ಮನೆ ಕಟ್ಟಿಸಿದ ಮೇಲೆ ಉಳಿದ ಗದ್ದೆಯನ್ನು ಬೀಳು ಬಿಡಬೇಡಿ. ಊರಿನವರಿಂದಲೇ ಬೇಸಾಯ ಮಾಡಿಸಿ. ನೀವಿಲ್ಲದ ದಿನ ನಿಮ್ಮ ಮನೆಯ ಮೇಲೂ ಅವರದೊಂದು ಕಣ್ಣಿರುತ್ತದೆ. ಜಾತ್ರೆಯ ಪಟ್ಟಿಗೆ ನೀವು ಧಾರಾಳವಾಗಿ ಹಣ ಕೊಡುತ್ತೀರಿ, ಗೊತ್ತು. ಒಂದು ವರ್ಷ ಜಾತ್ರೆಗೂ ಬನ್ನಿ. ಪಂಕ್ತಿಯಲ್ಲಿ ಕೂತು ಊಟ ಮಾಡಿ.

ನಮ್ಮ ದಾರಿಯ ಕೆಲಸ ಇನ್ನೂ ಮುಗಿದಿಲ್ಲ. ಉತ್ತರದ ಬದುವಿನ ಗುಂಟ ಎಂಟು ಅಡಿ ಬಿಟ್ಟುಕೊಡಲು ಅವರು ಒಪ್ಪಿದ್ದಾರೆ. ಅದನ್ನು ಪತ್ರ ಮಾಡಿ ನೋಂದಣಿ ಮಾಡಿಸಬೇಕು. ಖರ್ಚು ನಾನೇ ಕೊಡುತ್ತೇನೆ ಅಂದಿದ್ದೇನೆ. ಬರುವ ಬುಧವಾರ ಅಳತೆ ಇದೆ. ಅಪ್ಪ ಗದ್ದೆ ಮಾರಿದ ಮೇಲೆ ಆ ಕಡೆ ಹೋಗಿರಲಿಲ್ಲ, ಈ ಸಲ ತಾನೂ ಬರುತ್ತೇನೆ ಅಂದಿದ್ದಾರೆ. ಹಳೇ ದಾರಿ ಎಲ್ಲಿ ತಿರುಗುತ್ತಿತ್ತು ಅಂತ ಸರಿಯಾಗಿ ಗೊತ್ತಿರುವುದು ಅವರಿಗೆ ಮತ್ತು ಕಾಕಾಗೆ ಮಾತ್ರ.